ಉಜ್ಜಿ ಉಜ್ಜಿ ಕಳೆದ ಆರು ಗ್ರಾಂ

ಬೆಳಗಿನ ಐದೂಕಾಲು. ಸಗಟು ತರಕಾರಿ ಮಾರುಕಟ್ಟೆಯ ದೊಡ್ಡ ಬಾಗಿಲು ಇನ್ನೂ ಅರ್ಧವೇ ತೆರೆದಿದೆ. ಒಳಗೆ ಕೋಸಿನ ಮೂಟೆಗಳು ಧೊಪ್ಪನೆ ಇಳಿಯುತ್ತಿವೆ. ಕೈಗಾಡಿಯವರು ದಾರಿ ಬಿಡಿ ದಾರಿ ಬಿಡಿ ಎಂದು ಕೂಗುತ್ತಾ ಓಡುತ್ತಿದ್ದಾರೆ. ಟೊಮೆಟೊ ಬುಟ್ಟಿಯೊಂದು ಮಗುಚಿ, ಯಾರೋ ಯಾರನ್ನೋ ಏಳು ತಲೆಮಾರು ಹಿಡಿದು ಬೈಯುತ್ತಿದ್ದಾರೆ. ಈ ಗದ್ದಲಕ್ಕೂ ತಮಗೂ ಏನೂ ಸಂಬಂಧವಿಲ್ಲ ಎನ್ನುವ ಹಾಗೆ, ನಲ್ಲಿಯ ಪಕ್ಕದ ಮೂಲೆಯಲ್ಲಿ, ಗಿಡ್ಡ ಕಾಲಿನ ಮರದ ಮೇಜಿನ ಮುಂದೆ ಹೆಂಗಸೊಬ್ಬರು ಉಸಿರು ಬಿಗಿಹಿಡಿದು ಕೂತಿದ್ದಾರೆ. ಕಣ್ಣಿನ ನೇರಕ್ಕೆ ತಕ್ಕಡಿ. ಅದರ ಮುಳ್ಳು ಎಡಕ್ಕೆ ವಾಲುತ್ತದೆ, ಬಲಕ್ಕೆ ವಾಲುತ್ತದೆ, ಕೊನೆಗೆ ನಡುವೆ ಬಂದು ನಿಲ್ಲುತ್ತದೆ. ಅವರು ಉಸಿರು ಬಿಡುವುದು ಆಮೇಲೆ.

"ಉಸಿರು ಬಿಟ್ರೆ ತಟ್ಟೆ ಅಲ್ಲಾಡುತ್ತೆ," ಎನ್ನುತ್ತಾ ತಟ್ಟೆಯಲ್ಲಿದ್ದ ಕಬ್ಬಿಣದ ತೂಕದ ಕಲ್ಲನ್ನು ಎತ್ತಿ ಬದಿಗಿಡುತ್ತಾರೆ. "ಇದು ಐನೂರ ಒಂಬತ್ತನೇದು. ಇನ್ನು ಐದೇ ಐದು. ಅವು ಬರ್ತಾವೋ ಇಲ್ವೋ, ನಂಗೊತ್ತಿಲ್ಲ."

ಹಾಗೆನ್ನುವಾಗ ಅವರ ಕಣ್ಣು ಹತ್ತು ಹೆಜ್ಜೆ ಆಚೆಗಿರುವ ಈರುಳ್ಳಿ ಅಂಗಡಿಯ ಕಡೆ ಹೋಗಿ, ಹೋದಷ್ಟೇ ಬೇಗ ವಾಪಸು ಬರುತ್ತದೆ.

ಮಾರುಕಟ್ಟೆಗೆ ಇವರು ತಕ್ಕಡಿಯಕ್ಕ. ವಯಸ್ಸು ಐವತ್ತೆಂಟು. ಹಣ್ಣಿನ ಸಾಲಿನ ಎಪ್ಪತ್ತು ದಾಟಿದ ಮುದುಕರೂ ಅಕ್ಕ ಎಂದೇ ಕರೆಯುತ್ತಾರೆ. ತಕ್ಕಡಿ ಕೈಕೊಟ್ಟಾಗ ವಯಸ್ಸು ಯಾರು ನೋಡುತ್ತಾರೆ? ಇಲ್ಲಿರುವ ತೊಂಬತ್ತಾರು ಅಂಗಡಿಗಳಲ್ಲಿ ಕರೆಂಟಿನ ತಕ್ಕಡಿ ಇಟ್ಟುಕೊಂಡವರು ಒಂಬತ್ತೋ ಹತ್ತೋ ಮಂದಿ. ಅವರ ಬಳಿಯೂ ಹಳೆಯ ತಟ್ಟೆ ತಕ್ಕಡಿ ಒಂದು ಇದ್ದೇ ಇದೆ. ಕರೆಂಟು ಹೋದಾಗ ತರಕಾರಿ ಕಾಯುವುದಿಲ್ಲವಲ್ಲ. ಸರಪಳಿ ಸಿಕ್ಕಾದರೆ, ದಂಡ ಬಾಗಿದರೆ, ನಡುವಿನ ಉಕ್ಕಿನ ಅಂಚು ಸವೆದರೆ, ಕಲ್ಲು ಸವೆದು ಹಗುರಾದರೆ, ಎಲ್ಲವೂ ಬಂದು ಸೇರುವುದು ಈ ಗಿಡ್ಡ ಮೇಜಿಗೆ. ದಿನಕ್ಕೆ ಎಂಟು ಹತ್ತು ತಕ್ಕಡಿ ಬರುತ್ತವೆ. ಅಕ್ಕ ನಾಲ್ಕಕ್ಕೆ ಏಳುತ್ತಾರೆ, ಅರ್ಧ ಗಂಟೆ ನಡೆದು ಬರುತ್ತಾರೆ, ಮಧ್ಯಾಹ್ನ ಎರಡಕ್ಕೆ ಮೇಜು ಒರೆಸಿ ಹೊರಡುತ್ತಾರೆ. ಮೂವತ್ತೊಂದು ವರ್ಷದಲ್ಲಿ ಈ ಹೊತ್ತು ಬದಲಾಗಿಲ್ಲ.

ಈ ಮೂಲೆ ಅಪ್ಪನಿಂದ ಬಂದದ್ದು. ಹುಡುಗಿಯಾಗಿದ್ದಾಗ ಅಪ್ಪನಿಗೆ ಬುತ್ತಿ ತರುತ್ತಿದ್ದವರು, ಬುತ್ತಿ ಖಾಲಿಯಾಗುವವರೆಗೆ ಕೂತು ಕೆಲಸ ನೋಡುತ್ತಿದ್ದರು. ನೋಡಿ ನೋಡಿಯೇ ಕಲಿತರು. ಮದುವೆಯಾಗಿ ನಾಲ್ಕು ವರ್ಷಕ್ಕೆ ಗಂಡ ಲಾರಿಯ ಮೇಲಿಂದ ಬಿದ್ದು ಬೆನ್ನು ಮುರಿದುಕೊಂಡರು, ಮತ್ತೆ ಭಾರ ಎತ್ತಲಿಲ್ಲ. ಅದೇ ವರ್ಷ ಅಪ್ಪನ ಕಣ್ಣಿಗೆ ಪೊರೆ ಬಂದು ಮುಳ್ಳು ಕಾಣದಾಯಿತು. ಇಪ್ಪತ್ತೇಳರ ಹೆಂಗಸು, ಕಂಕುಳಲ್ಲಿ ಮಗ, ಎದುರಿಗೆ ತಕ್ಕಡಿ. ಇಡೀ ಮಾರುಕಟ್ಟೆ ಮೂಗಿನ ಮೇಲೆ ಬೆರಳಿಟ್ಟುಕೊಂಡು ನೋಡಿತು.

"ಹದಿನೇಳು ದಿವಸ ಒಬ್ಬನೂ ತಕ್ಕಡಿ ಕೊಡ್ಲಿಲ್ಲ. ನಾನು ಖಾಲಿ ತಕ್ಕಡಿಯನ್ನೇ ಒರೆಸೋದು, ಮತ್ತೆ ಒರೆಸೋದು," ಎಂದು ಅಕ್ಕ ನಗುತ್ತಾರೆ. "ಹದಿನೆಂಟನೇ ದಿವಸ ಈರುಳ್ಳಿ ದೊಡ್ಡಪ್ಪ ತಂದು ಮೇಜಿನ ಮೇಲೆ ಕುಕ್ಕಿದ. ‘ಮುಳ್ಳು ನೋಡೋಕೆ ಮೀಸೆ ಬೇಕೇನ್ರೋ?’ ಅಂತ ಎಲ್ಲರಿಗೂ ಕೇಳೋ ಹಾಗೆ ಕಿರುಚಿದ. ಮಾರನೇ ದಿನ ಆರು ತಕ್ಕಡಿ ಬಂತು."

ದೊಡ್ಡಪ್ಪ ರಕ್ತಸಂಬಂಧವೇನಲ್ಲ. ಅಪ್ಪನ ಗೆಳೆಯ. ಆದರೆ ಆ ದಿನದಿಂದ ಅಕ್ಕನಿಗೆ ಈ ಮಾರುಕಟ್ಟೆಯಲ್ಲಿ ದೊಡ್ಡವರು ಎಂದರೆ ಅವರೊಬ್ಬರೇ.

ಅಪ್ಪ ಕಲಿಸಿದ ಮೊದಲ ಪಾಠ ಕೈಯದಲ್ಲ, ಮಾತಿನದು. ತೂಗುವುದು ಎಂದರೇನು ಎಂದು ಕೇಳಿದ್ದರಂತೆ. ಎಷ್ಟು ಭಾರ ಅಂತ ನೋಡೋದು ಎಂದು ಮಗಳು ಹೇಳಿದರೆ, ತಲೆಗೊಂದು ಮೊಟಕಿ, "ಮೊದ್ಲು ನೇತು ಹಾಕೋದು ಕಣೇ. ಎಲ್ಲೂ ತಾಗದ ಹಾಗೆ ನೇತಾಡಿದ್ರೆ ಮಾತ್ರ ತೂಕ ಬರುತ್ತೆ," ಎಂದಿದ್ದರಂತೆ. ಅಪ್ಪ ಶಾಲೆ ಕಂಡವರಲ್ಲ. ಆದರೆ ಅಕ್ಕನ ಸೊಸೆ ಶಾಲೆಯಲ್ಲಿ ಭಾಷೆ ಕಲಿಸುವ ಟೀಚರು, ಅತ್ತೆಯ ಕಸುಬಿನ ಬಗ್ಗೆ ಮಾತು ಬಂದರೆ ಅವರಿಗೆ ಪಾಠದ ಹುಮ್ಮಸ್ಸು ಬಂದುಬಿಡುತ್ತದೆ. ಅಜ್ಜ ಹೇಳಿದ್ದು ಸರಿ ಎನ್ನುತ್ತಾರೆ ಅವರು. ತೂಗು ಎನ್ನುವ ಮಾತಿನಲ್ಲಿ ನೇತಾಡುವುದೂ ಇದೆ, ತೊನೆದಾಡುವುದೂ ಇದೆ. ತೂಗುಸೇತುವೆ, ತೂಗುಯ್ಯಾಲೆ, ತೂಗುದೀಪ ಯಾವುದೂ ಯಾರ ಭಾರವನ್ನೂ ಅಳೆಯುವುದಿಲ್ಲ. ತೊಟ್ಟಿಲನ್ನು ತೂಗುತ್ತೇವೆ, ಹಾಡು ಹಿಡಿಸಿದರೆ ತಲೆ ತೂಗುತ್ತೇವೆ, ಹಾಡು ಉದ್ದವಾದರೆ ತೂಕಡಿಸುತ್ತೇವೆ. ನಮ್ಮ ಭಾಷೆಗೆ ಒಡಹುಟ್ಟಿದ ಇನ್ನೊಂದು ಭಾಷೆಯಲ್ಲಿ ಇದೇ ಬೇರಿನ ಮಾತಿಗೆ ಮಲಗಿ ನಿದ್ದೆ ಮಾಡುವುದು ಎಂದೇ ಅರ್ಥ. ಅಂಗಡಿಯ ಕಟ್ಟೆಯ ಮೇಲೆ ನಾವು ದಿನಾ ಕೇಳುವ ತೂಕ ಅದೇ ಮನೆಯ ಕೂಸು. ಅಲ್ಲಿಂದ ಎದ್ದು ಅದು ಮಾತಿಗೂ ಮನುಷ್ಯರಿಗೂ ಹೋಗಿ ಸೇರಿಕೊಂಡಿದೆ. ತೂಕದ ಮಾತು, ತೂಕದ ಮನುಷ್ಯ ಎಂದಾಗ ನಾವು ಯಾರನ್ನೂ ತಟ್ಟೆಗೆ ಹತ್ತಿಸುವುದಿಲ್ಲ, ನಂಬುತ್ತೇವೆ ಅಷ್ಟೆ.

"ನಂಗೆ ಅದೆಲ್ಲ ತಲೆಗೆ ಹತ್ತಲ್ಲ," ಎನ್ನುತ್ತಾರೆ ಅಕ್ಕ. "ಸೊಸೆ ಪಾಠ ಶುರು ಮಾಡಿದ್ರೆ ನಾನು ತೂಕಡಿಸ್ತೀನಿ."

ಕೆಲಸದ ಕ್ರಮ ಹೀಗಿದೆ. ಕಬ್ಬಿಣದ ತೂಕದ ಕಲ್ಲಿನ ಅಡಿಯಲ್ಲಿ ಒಂದು ಗುಳಿ ಇರುತ್ತದೆ, ಅದರಲ್ಲಿ ಸೀಸ ತುಂಬಿರುತ್ತದೆ. ಕಲ್ಲು ಸವೆದು ಹಗುರಾಗಿದ್ದರೆ ಅಕ್ಕ ಸೀಸ ಕರಗಿಸಿ ಹುಯ್ಯುತ್ತಾರೆ. ಭಾರ ಹೆಚ್ಚಾಗಿದ್ದರೆ ಚೂರು ಕೆರೆದು ತೆಗೆಯುತ್ತಾರೆ. ಸರಿಯೋ ತಪ್ಪೋ ಎಂದು ಒರೆ ಹಚ್ಚುವುದಕ್ಕೆ ಮೂಲದ ಕಲ್ಲು ಒಂದು ಬೇಕಲ್ಲ. ಅದು ಅಪ್ಪನ ಹಿತ್ತಾಳೆ ಕಲ್ಲು. ಒಂದು ಕಿಲೋ, ಇಡಿಗಟ್ಟಿ, ಗುಳಿಯಿಲ್ಲ, ಸೀಸವಿಲ್ಲ. ಅರ್ಧ ಕಿಲೋ, ಎರಡು ಕಿಲೋ, ಇನ್ನೂರು ಗ್ರಾಂ, ಎಲ್ಲವನ್ನೂ ಆ ಒಂದೇ ಕಲ್ಲಿನ ಲೆಕ್ಕದಲ್ಲಿ ಹೊಂದಿಸುವುದು ಈ ಮೇಜಿನ ಪದ್ಧತಿ.

ಅಪ್ಪನಿಂದ ಕೈಗೆ ಬಂದ ದಿನದಿಂದ ಅಕ್ಕ ಆ ಕಲ್ಲನ್ನು ದಿನಾ ಬೆಳಿಗ್ಗೆ ಬೂದಿ ಮತ್ತು ನಿಂಬೆಸಿಪ್ಪೆ ಹಾಕಿ ಉಜ್ಜುತ್ತಿದ್ದರು. ಮುಖ ಕಾಣಿಸುವಷ್ಟು ಹೊಳೆಯಬೇಕು. ಹೊಳೆಯದಿದ್ದರೆ ಅಪ್ಪನಿಗೆ ಅವಮಾನ ಮಾಡಿದ ಹಾಗೆ. ಜ್ವರ ಬಂದರೂ ಉಜ್ಜಿದರು, ಗಂಡ ತೀರಿಕೊಂಡ ವಾರವೂ ಉಜ್ಜಿದರು. ಬಂದವರೆಲ್ಲ, ಅಕ್ಕನ ಕಲ್ಲು ನೋಡಿ ಚಿನ್ನದ ಹಾಗಿದೆ ಎಂದು ಹೊಗಳುವುದು, ಅಕ್ಕ ಉಬ್ಬುವುದು.

ಉಜ್ಜಿದಷ್ಟೂ ಹಿತ್ತಾಳೆ ಹೋಗುತ್ತದೆ ಎಂಬುದು ಅವರಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಊರಿನವರ ಕಲ್ಲು ಸವೆಯುವುದನ್ನು ಹಿಡಿಯುವುದೇ ಅವರ ಕಸುಬು. ಆದರೆ ಅಪ್ಪನ ಕಲ್ಲೂ ಒಂದು ಕಲ್ಲೇ ಎಂದು ಅವರಿಗೆ ಹೊಳೆಯಲೇ ಇಲ್ಲ.

ಸೂಚನೆಗಳು ಸಿಕ್ಕಿದ್ದವು. ಕೆಲವು ವರ್ಷಗಳಿಂದ ಕಾರ್ಖಾನೆಯಿಂದ ಹೊಸದಾಗಿ ಬಂದ ಕಲ್ಲುಗಳೆಲ್ಲ ಅಕ್ಕನ ತಕ್ಕಡಿಯಲ್ಲಿ ಭಾರ ತೋರಿಸುತ್ತಿದ್ದವು. "ಈಗಿನೋರಿಗೆ ಕೈಯಲ್ಲಿ ಹಿಡಿತ ಇಲ್ಲ, ಸೀಸ ಸುರೀತಾರೆ," ಎಂದು ಗೊಣಗುತ್ತಾ ಅಕ್ಕ ಆ ಹೊಚ್ಚಹೊಸ ಕಲ್ಲುಗಳ ಹೊಟ್ಟೆಯಿಂದ ಸೀಸ ಕೆರೆದು ಒಂದು ತಗಡಿನ ಡಬ್ಬಿಗೆ ಹಾಕುತ್ತಿದ್ದರು. ಡಬ್ಬಿ ತುಂಬುತ್ತಾ ಬಂತು. ಹಣ್ಣಿನ ಅಂಗಡಿಯವನ ಕರೆಂಟಿನ ತಕ್ಕಡಿ ಅಕ್ಕ ಸರಿಮಾಡಿದ ಕಲ್ಲನ್ನು ಐದು ಗ್ರಾಂ ಕಡಿಮೆ ಎಂದಿತು. ನಿನ್ನ ಮಿಷನ್‌ಗೆ ಜ್ವರ ಬಂದಿದೆ, ಮಲಗಿಸು ಎಂದು ಅಕ್ಕ ಅವನನ್ನು ಓಡಿಸಿದರು. ತೂಕದ ಕಚೇರಿಯಿಂದ ವರ್ಷಕ್ಕೊಮ್ಮೆ ಮುದ್ರೆ ಒತ್ತಲು ಬರುವ ಸಾಹೇಬರಾದರೂ ಹಿಡಿಯಬಹುದಿತ್ತು. ಅವರು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ, ಇದು ಅಕ್ಕನ ಕೈಯಿಂದ ಬಂದದ್ದಾ ಎಂದು. ಹೌದು ಎಂದರೆ ಮುದ್ರೆ ಬಿತ್ತು. ಒಳ್ಳೆಯ ಹೆಸರು ಇಷ್ಟು ಕೆಲಸ ಕೆಡಿಸುತ್ತದೆ ಎಂದು ಯಾರಿಗೆ ಗೊತ್ತಿತ್ತು!

ಗುಟ್ಟು ರಟ್ಟು ಮಾಡಿದ್ದು ಹನ್ನೆರಡು ದಿನದ ಮೊಮ್ಮಗಳು.

ಅದು ನಲವತ್ತು ದಿನದ ಹಿಂದಿನ ಮಾತು. ಮಗ ಲಾರಿ ತೆಗೆದುಕೊಂಡು ದೂರ ಹೋಗಿದ್ದ. ಕೂಸಿಗೆ ಚುಚ್ಚುಮದ್ದು ಹಾಕಿಸಲು ಅತ್ತೆ ಸೊಸೆ ಇಬ್ಬರೇ ಹೊರಟರು. ಹೊರಡುವ ಮೊದಲು ಅಕ್ಕ ಹೆಮ್ಮೆಯಿಂದ ಕೂಸನ್ನು ತಮ್ಮ ತಕ್ಕಡಿಯಲ್ಲೇ ತೂಗಿದರು. ಮೂರು ಕಿಲೋ ಇನ್ನೂರು. ಮಾರುಕಟ್ಟೆಯ ಹಿಂದಿನ ರಸ್ತೆಯ ಕ್ಲಿನಿಕ್ಕಿನಲ್ಲಿ ನರ್ಸಮ್ಮ ತೂಗಿದಾಗ ಬಂದದ್ದು ಮೂರು ಕಿಲೋ ನೂರ ಎಂಬತ್ತು.

"ನಿಮ್ಮ ಮಿಷನ್ ನಮ್ಮ ಕೂಸಿನ ಇಪ್ಪತ್ತು ಗ್ರಾಂ ನುಂಗಿದೆಯಲ್ಲ ನರ್ಸಮ್ಮ," ಎಂದರು ಅಕ್ಕ.

"ದಾರೀಲಿ ಉಚ್ಚೆ ಹೊಯ್ದಿರ್ಬೇಕು ಬಿಡಿ."

ಬಟ್ಟೆ ಮುಟ್ಟಿ ನೋಡಿದರೆ ಒದ್ದೆಯೇ ಇಲ್ಲ. ಅಕ್ಕ ಬಿಡುವವರಲ್ಲ. ಸದಾ ಜೊತೆಗೇ ಒಯ್ಯುವ ಅಪ್ಪನ ಕಲ್ಲನ್ನು ಚೀಲದಿಂದ ತೆಗೆದು, ಈಗ ನೋಡಿ ನಿಮ್ಮ ಮಿಷನ್ ಬಂಡವಾಳ ಎನ್ನುವ ಹಾಗೆ ಅದರ ಮೇಲಿಟ್ಟರು. ಒಂಬೈನೂರ ತೊಂಬತ್ತೈದು. ನರ್ಸಮ್ಮ ಕಪಾಟಿನಿಂದ ಮರದ ಪೆಟ್ಟಿಗೆಯೊಂದನ್ನು ತಂದರು. ಮಿಷನ್ ಸರಿಯಿದೆಯೇ ಎಂದು ನೋಡಲು ಇಟ್ಟಿರುವ ಒಂದು ಕಿಲೋ ಕಲ್ಲು ಅದರಲ್ಲಿತ್ತು. ಅದನ್ನು ಬಟ್ಟೆಯಲ್ಲಿ ಹಿಡಿದು ಮಿಷನ್ ಮೇಲಿಟ್ಟರು. ಸರಿಯಾಗಿ ಸಾವಿರ.

ಸೊಸೆ ಅದನ್ನು ನೆನೆಸಿಕೊಂಡು ಹೇಳುತ್ತಾರೆ: "ಕೂಸು ಅಳ್ತಾ ಇದ್ದದ್ದೂ ಅತ್ತೆಗೆ ಕೇಳಿಸ್ಲಿಲ್ಲ. ಆ ಹಿತ್ತಾಳೆ ಕಲ್ಲನ್ನ ಸೆರಗಲ್ಲಿ ಸುತ್ತಿ ಎದೆಗೆ ಒತ್ತಿ ಹಿಡ್ಕೊಂಡು ಕೂತಿದ್ರು."

ಅಲ್ಲಿಂದ ಅಕ್ಕ ನೆಟ್ಟಗೆ ಹೋದದ್ದು ತೂಕದ ಕಚೇರಿಗೆ. ಅಲ್ಲಿನ ಗಾಜಿನ ಗೂಡಿನೊಳಗಿನ ಸೂಕ್ಷ್ಮ ತಕ್ಕಡಿ ಒಂಬೈನೂರ ತೊಂಬತ್ತನಾಲ್ಕು ಎಂದಿತು. ಮೂವತ್ತೊಂದು ವರ್ಷದ ಪ್ರೀತಿಗೆ ಆರು ಗ್ರಾಂ ಹಿತ್ತಾಳೆ ಕರಗಿತ್ತು. ಮುದ್ರೆಯ ಸಾಹೇಬರ ಮುಖವೂ ಸಪ್ಪೆಯಾಯಿತು. "ನಿಮ್ಮ ಕಲ್ಲು ಅಂತ ನಾವು ನೋಡೋದೇ ಬಿಟ್ಟಿದ್ವಿ ಅಕ್ಕಾ, ತಪ್ಪು ನಮ್ದೂ ಇದೆ," ಎಂದರಂತೆ. ಗದ್ದಲ ಮಾಡದೆ ಒಂದೊಂದಾಗಿ ಸರಿಮಾಡಿಬಿಡಿ ಎಂಬ ಸಲಹೆಯನ್ನೂ ಕೊಟ್ಟರಂತೆ.

ಅದು ಸುಲಭದ ದಾರಿಯಾಗಿತ್ತು. ದುರಸ್ತಿಗೆ ಬಂದ ಕಲ್ಲಿಗೆ ಚಿಟಿಕೆ ಸೀಸ ಹೆಚ್ಚು ಹುಯ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಮಾರನೆಯ ದಿನ ಬೆಳಿಗ್ಗೆ, ವ್ಯಾಪಾರ ಶುರುವಾಗುವ ಮುಂಚೆ, ಅಕ್ಕ ಮೊದಲ ಸಾಲಿನ ಮೊದಲ ಅಂಗಡಿಯ ಮುಂದೆ ನಿಂತು, ನಿಮ್ಮ ಕಲ್ಲು ಕಿಲೋಗೆ ಆರು ಗ್ರಾಂ ಕಡಿಮೆ ಇದೆ, ತಪ್ಪು ನನ್ನದು ಎಂದರು. ಎರಡನೆಯ ಅಂಗಡಿಗೆ ಹೋಗಿ ಅದನ್ನೇ ಹೇಳಿದರು. ತೊಂಬತ್ತಾರು ಸಲ ಹೇಳಿದರು.

"ಹೇಳ್ದೆ ಇದ್ರೆ ಏನಾಗ್ತಿತ್ತು ಅಂತ ಎಲ್ಲರೂ ಕೇಳ್ತಾರೆ," ಎನ್ನುತ್ತಾರೆ ಅಕ್ಕ. "ಹೊರಗಡೆ ಏನೂ ಆಗ್ತಿರ್ಲಿಲ್ಲ. ನಂಗೆ ಊಟ ಸೇರ್ತಿರ್ಲಿಲ್ಲ ಅಷ್ಟೆ."

ಕೆಲವರು ನಕ್ಕರು. ಆರು ಗ್ರಾಂ ಎಂದರೆ ಎರಡು ಬೀನ್ಸ್ ಕಾಯಿ ಅಕ್ಕಾ, ಬಿಟ್ಟಾಕಿ ಎಂದರು. ಕೆಲವರು ಮುಖ ಗಂಟಿಕ್ಕಿದರು. ಹಣ್ಣಿನ ಅಂಗಡಿಯವನು, ನನ್ನ ಮಿಷನ್‌ಗೆ ಜ್ವರ ಬಿಟ್ಟಿತಾ ಅಕ್ಕಾ ಎಂದು ಕಿಚಾಯಿಸಿ, ಆಮೇಲೆ ತಾನೇ ಚಹಾ ತರಿಸಿಕೊಟ್ಟ. ಆದರೆ ಈರುಳ್ಳಿ ದೊಡ್ಡಪ್ಪ ನಗಲೂ ಇಲ್ಲ, ಬೈಯಲೂ ಇಲ್ಲ. ಎಪ್ಪತ್ತೊಂಬತ್ತರ ಆ ಮುದುಕ ಗಿರಾಕಿಗೆ ತೂಗಿದ ಮೇಲೂ ಒಂದು ಈರುಳ್ಳಿ ಮೇಲೆ ಹಾಕಿಯೇ ಕೊಡುವವರು. ತಮ್ಮ ತಟ್ಟೆಯ ಮೇಲೆ ಅವರಿಗೆ ಅಷ್ಟು ಹಮ್ಮು.

"ನನ್ನ ಕೈಯಲ್ಲಿ ಜನಕ್ಕೆ ಕಡಿಮೆ ಕೊಡಿಸಿದೆಯಲ್ಲೇ," ಎಂದರು. ಅಷ್ಟೇ ಮಾತು. ತಕ್ಕಡಿಯನ್ನೂ ಐದು ಕಲ್ಲನ್ನೂ ಗೋಣಿಚೀಲಕ್ಕೆ ತುರುಕಿ ಮೂಲೆಗೆ ತಳ್ಳಿದರು. ಮೂರನೆಯ ದಿನ ಅವರ ಅಂಗಡಿಗೆ ಕರೆಂಟಿನ ತಕ್ಕಡಿ ಬಂತು.

ಅಂದಿನಿಂದ ಅಕ್ಕ ಇಡೀ ಮಾರುಕಟ್ಟೆಯ ಕಲ್ಲುಗಳನ್ನು ಬಿಟ್ಟಿಯಾಗಿ ಸರಿಮಾಡುತ್ತಿದ್ದಾರೆ. ಒಟ್ಟು ಐನೂರ ಹದಿನಾಲ್ಕು ಕಲ್ಲು. ಸೀಸಕ್ಕೆ ಹುಡುಕಾಡಬೇಕಾಗಲಿಲ್ಲ, ವರ್ಷಗಟ್ಟಲೆ ಕೆರೆದು ತೆಗೆದದ್ದೆಲ್ಲ ಡಬ್ಬಿಯಲ್ಲೇ ಇತ್ತಲ್ಲ. ಯಾರ ಹೊಟ್ಟೆಯಿಂದ ತೆಗೆದರೋ ಅವರ ಹೊಟ್ಟೆಗೇ ವಾಪಸು. ಕಚೇರಿಯಿಂದ ಪ್ರಮಾಣಪತ್ರ ಸಮೇತ ಹೊಸ ಹಿತ್ತಾಳೆ ಕಲ್ಲು ಬಂದಿದೆ. ಅದಕ್ಕೊಂದು ಮುಚ್ಚಳದ ಪೆಟ್ಟಿಗೆ, ಹಿಡಿಯಲು ಒಂದು ತುಂಡು ಬಟ್ಟೆ. ಬರಿಗೈಯಲ್ಲಿ ಮುಟ್ಟುವಂತಿಲ್ಲ, ಉಜ್ಜುವುದಂತೂ ದೂರದ ಮಾತು. ಅಪ್ಪನ ಕಲ್ಲನ್ನು ಏನು ಮಾಡಿದಿರಿ ಎಂದರೆ ಅಕ್ಕನ ಮುಖ ಅರಳುತ್ತದೆ. ಕೂಸು ಮಲಗುವ ಕೋಣೆಯ ಬಾಗಿಲು ಗಾಳಿಗೆ ಬಡಿಯದ ಹಾಗೆ ಅದನ್ನು ಅಡ್ಡ ಇಟ್ಟಿದ್ದಾರೆ. ದಿನಾ ಬೆಳಿಗ್ಗೆ ಈಗಲೂ ಉಜ್ಜುತ್ತಾರೆ.

"ಬಾಗಿಲಿಗೆ ಆರು ಗ್ರಾಂ ಹೆಚ್ಚುಕಡಿಮೆ ಆದ್ರೆ ಏನಂತೆ," ಎನ್ನುತ್ತಾರೆ.

ಇಷ್ಟು ಹೇಳುವ ಹೊತ್ತಿಗೆ ಎಂಟೂವರೆಯಾಗಿದೆ. ಕೂಸನ್ನು ಎತ್ತಿಕೊಂಡು ಸೊಸೆ ಬರುತ್ತಾರೆ. ಈಗಷ್ಟೇ ಕ್ಲಿನಿಕ್ಕಿನಲ್ಲಿ ತೂಗಿಸಿ ತಂದಿದ್ದಾರೆ. ತೂಕ ಬರೆದ ಕಾರ್ಡು ಅವರ ಮುಷ್ಟಿಯಲ್ಲಿದೆ, ಅಕ್ಕನಿಗೆ ತೋರಿಸುವುದಿಲ್ಲ. ಈ ಉಪಾಯ ಅವರದೇ. ತೊಂಬತ್ತೈದು ಅಂಗಡಿಯವರು ಕಲ್ಲು ಕೊಟ್ಟು ಸರಿಮಾಡಿಸಿಕೊಂಡಿದ್ದಾರೆ ನಿಜ, ಆದರೆ ಕೊಟ್ಟವರಲ್ಲೂ ಕೆಲವರು ಹಣ್ಣಿನವನ ಮಿಷನ್ ಮೇಲೆ ಗುಟ್ಟಾಗಿ ಇಟ್ಟು ನೋಡುತ್ತಿರುವುದು ಅವರ ಕಣ್ಣಿಗೆ ಬಿದ್ದಿದೆ. "ಅತ್ತೆ, ಎಲ್ಲರ ಎದುರಿಗೆ ಕೂಸನ್ನ ತೂಗಿ. ಕಾರ್ಡಿಗೂ ನಿಮ್ಮ ತಕ್ಕಡಿಗೂ ತಾಳೆ ಆಗುತ್ತಾ ನೋಡೇಬಿಡ್ಲಿ," ಎಂದು ವಾರದಿಂದ ಹಟ ಹಿಡಿದಿದ್ದಾರೆ.

ಜನ ಸೇರುತ್ತಾರೆ. ಸೊಸೆ ನೇರ ಈರುಳ್ಳಿ ಅಂಗಡಿಗೆ ಹೋಗಿ ಮಡಿಸಿದ ಕಾರ್ಡನ್ನು ಮುದುಕರ ಕೈಗೆ ಕೊಡುತ್ತಾರೆ.

"ನೀವು ಹಿಡ್ಕೊಳ್ಳಿ ತಾತ. ನಾನು ಮನೆಯವಳು, ನನ್ನ ಯಾರು ನಂಬ್ತಾರೆ?"

ದೊಡ್ಡಪ್ಪ ಒಲ್ಲೆ ಎನ್ನಲು ಬಾಯಿ ತೆರೆಯುತ್ತಾರೆ. ಅಷ್ಟರಲ್ಲಿ ಕೂಸು ಅವರನ್ನು ನೋಡಿ ಆಕಳಿಸುತ್ತದೆ. ಮುದುಕರು ಕಾರ್ಡು ಹಿಡಿದುಕೊಂಡು, ಮುಖ ಗಂಟಿಕ್ಕಿಕೊಂಡೇ ಹಿಂದೆ ಬರುತ್ತಾರೆ.

ಎರಡೂ ತಟ್ಟೆಗೆ ಒಂದೇ ಅಳತೆಯ ಬಟ್ಟೆ ಹಾಸಿ, ಅಕ್ಕ ಕೂಸನ್ನು ಬರಿಮೈಯಲ್ಲಿ ದೊಡ್ಡ ತಟ್ಟೆಗೆ ಮಲಗಿಸುತ್ತಾರೆ. ಕೂಸು ಕಾಲು ಝಾಡಿಸುತ್ತದೆ, ಮುಳ್ಳು ಕುಣಿಯುತ್ತದೆ. ಕುಣಿಯುವ ಮುಳ್ಳಿನಲ್ಲಿ ಯಾವ ತೂಕವೂ ಸಿಗುವುದಿಲ್ಲ. ಅಕ್ಕ ಅವಸರ ಮಾಡುವುದಿಲ್ಲ. ಸರಪಳಿಗೆ ಒಂದು ಬೆರಳು ತಾಗಿಸಿ ತಟ್ಟೆಯನ್ನು ಮೆಲ್ಲಗೆ ಆಡಿಸುತ್ತಾರೆ, ಗಂಟಲೊಳಗೇ ಏನೋ ಗುನುಗುತ್ತಾರೆ. ಕೈಗಾಡಿಯವನೊಬ್ಬ ದಾರಿ ಬಿಡಿ ಎಂದು ಕೂಗಿದ್ದಕ್ಕೆ ನಾಲ್ಕೈದು ಜನ ಒಟ್ಟಿಗೆ ಶ್ ಎನ್ನುತ್ತಾರೆ. ಎರಡು ನಿಮಿಷ, ಮೂರು ನಿಮಿಷ. ಕೂಸಿನ ಕಣ್ಣು ಮುಚ್ಚುತ್ತದೆ. ಅಕ್ಕ ಬೆರಳು ತೆಗೆಯುತ್ತಾರೆ, ಉಸಿರು ಬಿಗಿಹಿಡಿಯುತ್ತಾರೆ. ಈಚೆ ತಟ್ಟೆಗೆ ಎರಡು ಕಿಲೋ, ಇನ್ನೊಂದು ಎರಡು ಕಿಲೋ, ಇನ್ನೂರು, ನೂರು. ಮುಳ್ಳು ಇನ್ನೂ ಕೂಸಿನ ಕಡೆಗೇ ಇದೆ. ಕೊನೆಗೊಂದು ಐವತ್ತು. ಮುಳ್ಳು ಎದ್ದು ನಡುವೆ ನಿಲ್ಲುತ್ತದೆ.

"ನಾಲ್ಕು ಕಿಲೋ ಮುನ್ನೂರ ಐವತ್ತು," ಎನ್ನುತ್ತಾರೆ ಅಕ್ಕ. ಈ ಮೂಲೆ ಉಳಿಯುವುದೋ ಇಲ್ಲವೋ ಎಂಬುದು ಈಗ ಒಂದು ಮಡಿಸಿದ ಕಾಗದದ ಒಳಗಿದೆ.

ದೊಡ್ಡಪ್ಪ ಕಾರ್ಡು ಬಿಡಿಸುತ್ತಾರೆ. ದೂರ ಹಿಡಿದು ನೋಡುತ್ತಾರೆ, ಹತ್ತಿರ ಹಿಡಿದು ನೋಡುತ್ತಾರೆ, ಕನ್ನಡಕ ಹುಡುಕುತ್ತಾರೆ. ಕನ್ನಡಕ ಹಣೆಯ ಮೇಲೇ ಇದೆ. ಆಮೇಲೆ ಓದುತ್ತಾರೆ.

"ನಾಲ್ಕು ಕಿಲೋ… ಮುನ್ನೂರ ಐವತ್ತು."

ಹಣ್ಣಿನವನು ಶಿಳ್ಳೆ ಹೊಡೆಯುತ್ತಾನೆ, ಕೂಸು ಬೆಚ್ಚಿ ಎದ್ದು ಕಿರುಚುತ್ತದೆ, ಸೊಸೆ ಅವನಿಗೆ ಬೈಯುತ್ತಾರೆ, ಎಲ್ಲರೂ ನಗುತ್ತಾರೆ. ಅಕ್ಕ ಮಾತ್ರ ನಗುವುದಿಲ್ಲ. ಸೆರಗಿನಿಂದ ಕಣ್ಣೊರೆಸಿಕೊಂಡು ಕಲ್ಲುಗಳನ್ನು ಒಂದೊಂದಾಗಿ ಜೋಡಿಸಿಡುತ್ತಾರೆ. ನಿಮಗಿನ್ನು ಏನು ಆಸೆಯಿದೆ ಎಂದು ಕೇಳಿದರೆ ಹೇಳುತ್ತಾರೆ:

"ನನ್ನ ನಂಬಿ, ಬೇಡ ಅನ್ನಲ್ಲ. ಆದ್ರೆ ವರ್ಷಕ್ಕೊಂದ್ಸಲ ನನ್ನ ಕಲ್ಲನ್ನೂ ತೂಗಿ ನೋಡಿ. ಅಷ್ಟು ಮಾಡಿದ್ರೆ ಸಾಕು."

ಅಷ್ಟರಲ್ಲಿ ಮೇಜಿನ ಮೇಲೆ ಧಡ್ ಎಂದು ಏನೋ ಬೀಳುತ್ತದೆ. ಗೋಣಿಚೀಲ. ಹಿಂದೆ ಈರುಳ್ಳಿ ದೊಡ್ಡಪ್ಪ ನಿಂತಿದ್ದಾರೆ.

"ಐದಿದೆ. ಎಣಿಸ್ಕೋ. ಆ ಕರೆಂಟಿಂದು ಬೀಪ್ ಬೀಪ್ ಅಂತ ತಲೆ ತಿನ್ನುತ್ತೆ."

ಅಕ್ಕ ಎಣಿಸುವುದಿಲ್ಲ. ಸೀಸದ ಡಬ್ಬಿಯನ್ನು ಹತ್ತಿರಕ್ಕೆ ಎಳೆದುಕೊಂಡು, ಮೊದಲ ಕಲ್ಲನ್ನು ಮಗುಚಿ, ತಲೆ ತಗ್ಗಿಸಿ ಕೆಲಸಕ್ಕೆ ಕೂರುತ್ತಾರೆ. ದೊಡ್ಡಪ್ಪ ಸ್ಟೂಲು ಎಳೆದು ಪಕ್ಕದಲ್ಲೇ ಕೂರುತ್ತಾರೆ. ಸುಮ್ಮನೆ ಕೂತು ಅಭ್ಯಾಸವಿಲ್ಲದ ಜೀವ. ಕಣ್ಣು ಪೆಟ್ಟಿಗೆಯೊಳಗಿನ ಹೊಸ ಹಿತ್ತಾಳೆ ಕಲ್ಲಿನ ಮೇಲೆ ಬೀಳುತ್ತದೆ. ನಲವತ್ತೇ ದಿನಕ್ಕೆ ಅದು ಮಂಕಾಗಿದೆ, ಒಂದು ಕಡೆ ಕಪ್ಪು ಕಲೆಯೂ ಬಿದ್ದಿದೆ.

"ಏನೇ ಇದು, ನಿಮ್ಮಪ್ಪನ ಕಲ್ಲು ಹೇಗೆ ಹೊಳೀತಿತ್ತು!" ಎನ್ನುತ್ತಾ ಅವರು ಹೆಗಲ ಮೇಲಿನ ಟವೆಲಿನ ತುದಿಯನ್ನು ನಾಲಿಗೆಗೆ ತಾಗಿಸಿ ಒದ್ದೆ ಮಾಡಿಕೊಂಡು, ಕೈ ಚಾಚುತ್ತಾರೆ.

ಅಕ್ಕ ತಲೆಯೆತ್ತದೆಯೇ ಆ ಕೈಯ ಮೇಲೊಂದು ಏಟು ಹಾಕುತ್ತಾರೆ.

"ಕೈ ತೆಗಿ ದೊಡ್ಡಪ್ಪ. ಕಪ್ಪಗೇ ಇರ್ಲಿ ಅದು."